ನಾಯಿ ಇದೆ ಅಂದರೂ ಫೋನ್ ಇಡದ ಬ್ರೋಕರ್

ಮೂರು ಬೆಡ್‌ರೂಮಿನ ಬಾಡಿಗೆ ಮನೆ ಬೇಕು, ಜೊತೆಗೆ ನಾಯಿಯೂ ಇದೆ ಅನ್ನುವವರು ಬೆಂಗಳೂರಿನಲ್ಲಿ ಆ್ಯಪ್‌ಗೆ ದುಡ್ಡು ಕಟ್ಟುವ ಮೊದಲು ಏರಿಯಾದ ಬ್ರೋಕರ್ ಒಬ್ಬರನ್ನು ಹಿಡಿಯಿರಿ. ನಾವು ರಾಜರಾಜೇಶ್ವರಿ ನಗರದಲ್ಲಿ ಎರಡನ್ನೂ ಮಾಡಿ ನೋಡಿದೆವು. ದುಡ್ಡು ಎರಡಕ್ಕೂ ಹೋಯಿತು. ಮನೆ ಸಿಕ್ಕಿದ್ದು ಮಾತ್ರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಒಬ್ಬ ಬ್ರೋಕರ್‌ನಿಂದ. ಅವರ ಕೆಲಸಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ.

ಹೆಸರು, ನಂಬರ್ ಇಲ್ಲಿ ಹಾಕುವುದಿಲ್ಲ. ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. "ಊರೋರೆಲ್ಲ ನಾಯಿ ಹಿಡ್ಕಂಡು ಬಂದ್ರೆ ಅಷ್ಟೊಂದು ಮನೆ ನಾನೆಲ್ಲಿಂದ ತರ್ಲಿ ಮೇಡಂ?" ಅಂದರು. ಇಂಥವರು ಹೆಚ್ಚುಕಮ್ಮಿ ಎಲ್ಲ ಏರಿಯಾದಲ್ಲೂ ಇರುತ್ತಾರೆ. ಅವರು ಹೇಗೆ ಕೆಲಸ ಮಾಡುತ್ತಾರೆ ಅಂತ ಬರೆದರೆ ನಿಮ್ಮ ಏರಿಯಾದವರನ್ನು ನೀವೇ ಗುರುತು ಹಿಡಿಯಬಹುದು.

ಮೊದಲು ನಮ್ಮ ಕೇಸು. ಗಂಡನಿಗೆ ಶಿವಮೊಗ್ಗದಿಂದ ಇಲ್ಲಿಗೆ ವರ್ಗ ಆಯಿತು. ಅತ್ತೆಗೆ ಮಂಡಿನೋವು, ಹಾಗಾಗಿ ಲಿಫ್ಟ್ ಬೇಕೇ ಬೇಕು. ಮಗಳು ಪಿಯುಸಿ, ಓದಲು ಅವಳಿಗೊಂದು ಕೋಣೆ. ಮಗ ಆರನೇ ಕ್ಲಾಸು, ಅವನಿಗೆ ಎಲ್ಲಾದರೂ ಸರಿ. ಆಮೇಲೆ ಕೆಂಚ. ನಮ್ಮ ಬೀದಿಯಿಂದಲೇ ಮನೆಯೊಳಗೆ ಬಂದ ನಾಯಿ. ಏಳು ವರ್ಷ, 18 ಕೆಜಿ. ಸಿಂಗಾರಿ ಅಂತ ಒಂದು ಬೆಕ್ಕೂ ಇದೆ. ಬಾಡಿಗೆ 40 ಸಾವಿರದೊಳಗೆ ಇರಬೇಕು, ಮೆಟ್ರೋ ಹತ್ತಿರ ಇರಬೇಕು. ಮೈಸೂರು ರಸ್ತೆ ಕಡೆ ಹುಡುಕಿದ್ದು ಅದಕ್ಕೇ. ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟ ಮುಟ್ಟಿತು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ರಾಜರಾಜೇಶ್ವರಿ ನಗರ ಸ್ಟೇಷನ್ ಇರುವುದು ಮೈಸೂರು ರಸ್ತೆಯ ಮೇಲೆ. ಒಳಗಿನ ಬಿಇಎಂಎಲ್ ಲೇಔಟಿಗೆ ಅಲ್ಲಿಂದ ಆಟೋನೋ ಬಸ್ಸೋ ಬೇಕು. "ಮೆಟ್ರೋ ಪಕ್ಕದಲ್ಲೇ" ಅನ್ನುವ ಜಾಹೀರಾತನ್ನು ನಂಬಿ ಮಂಡಿನೋವಿನ ಅತ್ತೆಯನ್ನು ನಡೆಸಿಕೊಂಡು ಹೋಗಬೇಡಿ.

ಆ್ಯಪ್ ವಿಚಾರ ಬೇಗ ಮುಗಿಸುತ್ತೇನೆ, ಹೇಳುವುದು ಜಾಸ್ತಿ ಇಲ್ಲ. ಒಂದು ದೊಡ್ಡ ಆ್ಯಪ್‌ನ ಪೇಯ್ಡ್ ಪ್ಲಾನ್ ತೆಗೆದುಕೊಂಡೆವು. ಕೆಲವು ಸಾವಿರ ರೂಪಾಯಿ. ಸಾಕುಪ್ರಾಣಿಗೆ ಅವಕಾಶ ಇದೆ ಅನ್ನುವಲ್ಲಿ ಟಿಕ್ ಹಾಕಿ ಹುಡುಕಿದರೆ ಪಟ್ಟಿ ಉದ್ದವಾಗಿಯೇ ಬಂತು. ಖುಷಿಯಾಯಿತು. ಒಂದೊಂದಕ್ಕೇ ಫೋನ್ ಮಾಡಲು ಕೂತೆ. "ನಾಯಿನಾ? ಇಲ್ಲಮ್ಮ, ನಾವು ಹಾಗೆಲ್ಲ ಹಾಕಿಲ್ವಲ್ಲ" ಅಂದವರೇ ಜಾಸ್ತಿ. ಆ ಟಿಕ್ ಹಾಕಿದ್ದು ಯಾರು ಅಂತ ಓನರ್‌ಗೇ ಗೊತ್ತಿಲ್ಲ. ಫಾರ್ಮ್ ತುಂಬುವಾಗ ಮಗನೋ ಅಳಿಯನೋ ಎಲ್ಲದಕ್ಕೂ ಹೂಂ ಅಂತ ಒತ್ತಿರುತ್ತಾನೆ. ನಿಜವಾಗಿ ನಾಯಿಗೆ ಒಪ್ಪುವ ಮನೆಗಳೂ ಇದ್ದವು. ಎಲ್ಲ ದೊಡ್ಡ ದೊಡ್ಡ ಗೇಟೆಡ್ ಕಮ್ಯುನಿಟಿಗಳಲ್ಲಿ. ಈಜುಕೊಳ, ಕ್ಲಬ್‌ಹೌಸ್ ಎಲ್ಲ ಸೇರಿ ನಮ್ಮ ಬಜೆಟ್‌ಗಿಂತ ಬಹಳ ಮೇಲೆ. ನಮಗೆ ಅಂತ ಕೊಟ್ಟ ರಿಲೇಶನ್‌ಶಿಪ್ ಮ್ಯಾನೇಜರ್ ಪಾಪ ಒಳ್ಳೆಯ ಹುಡುಗ. ಆದರೆ ಚನ್ನಸಂದ್ರ ಎಲ್ಲಿ, ಪಟ್ಟಣಗೆರೆ ಎಲ್ಲಿ ಅಂತ ಅವನಿಗೆ ಗೊತ್ತಿರಲಿಲ್ಲ. ಮೂರು ಬೆಡ್‌ರೂಮು ಕೇಳಿದರೆ ಎರಡೂವರೆ ಕಳಿಸುತ್ತಿದ್ದ. ಆ ಅರ್ಧ ರೂಮಿನಲ್ಲಿ ಒಂದು ಮಂಚ ಹಾಕಿದರೆ ಬಾಗಿಲು ಹಾಕಲು ಆಗುವುದಿಲ್ಲ.

ಫೋನಿನಲ್ಲಿ ಕೇಳಿಸಿಕೊಂಡ ಪ್ರಶ್ನೆಗಳು ಮಾತ್ರ ಮರೆಯುವಂಥವಲ್ಲ. ವೆಜ್ಜಾ ನಾನ್‌ವೆಜ್ಜಾ ಮೊದಲು. ಎಷ್ಟು ಜನ ಆಮೇಲೆ. ಅದಾದ ಮೇಲೆ "ನೀವು ಯಾವ ಪೈಕಿ?" ನಾಯಿ ಅಂದ ಕೂಡಲೇ "ಜಾತಿ ನಾಯಿನಾ, ಕಂತ್ರಿನಾ?" ನಮ್ಮದನ್ನು ಕೇಳಿದ ಮೇಲೆ ನಾಯಿಯದ್ದನ್ನು ಮಾತ್ರ ಯಾಕೆ ಬಿಡುತ್ತಾರೆ ಹೇಳಿ. ಲ್ಯಾಬ್ರಡಾರ್ ಆಗಿದ್ದರೆ ನೋಡಬಹುದಿತ್ತು ಅಂತ ಒಬ್ಬರು ಅಂದರು. ಬೆಳೆದ ಲ್ಯಾಬ್ರಡಾರ್ ಕೆಂಚನಿಗಿಂತ ಎಷ್ಟೋ ಜಾಸ್ತಿ ತೂಗುತ್ತದೆ, ಕೂದಲೂ ಅದಕ್ಕೆ ತಕ್ಕ ಹಾಗೆ ಉದುರುತ್ತದೆ. ಹೇಳಿ ಪ್ರಯೋಜನ ಇಲ್ಲ, ಟಿವಿ ಜಾಹೀರಾತಿನಲ್ಲಿ ಬರುವುದು ಲ್ಯಾಬ್ರಡಾರ್ ತಾನೇ.

ಇನ್ನೊಬ್ಬರು "ನಾಯಿನೆಲ್ಲ ಗೌರ್ಮೆಂಟೇ ಬ್ಯಾನ್ ಮಾಡಿದೆಯಲ್ಲ" ಅಂದರು. ಅವರು ಎಲ್ಲೋ ಕೇಳಿದ್ದು 2024ರ ಮಾರ್ಚ್ ತಿಂಗಳ ಸುತ್ತೋಲೆ. ಪಿಟ್‌ಬುಲ್, ರಾಟ್‌ವೈಲರ್ ಥರದ 23 ತಳಿಗಳನ್ನು ತಡೆಯಲು ಕೇಂದ್ರ ಹೊರಟಿತ್ತು. ನಮ್ಮ ಹೈಕೋರ್ಟೇ ಮುಂದಿನ ತಿಂಗಳು ಅದನ್ನು ರದ್ದು ಮಾಡಿತು. ಬೀದಿ ನಾಯಿ ಆ ಪಟ್ಟಿಯಲ್ಲಿ ಇರಲೂ ಇಲ್ಲ. ಮತ್ತೊಬ್ಬರು ಫ್ಲಾಟಿಗೆ ಒಂದೇ ಪ್ರಾಣಿ ಅಂತ ರೂಲ್ಸ್ ಇದೆ, ನಿಮ್ಮದು ಎರಡಾಯ್ತು ಅಂದರು. 2018ರಲ್ಲಿ ಪಾಲಿಕೆ ಫ್ಲಾಟಿಗೆ ಒಂದೇ ನಾಯಿ ಅಂತ ಬೈಲಾ ತರಲು ಹೋಗಿತ್ತು. ಜನ ಗಲಾಟೆ ಮಾಡಿದ ಮೇಲೆ ಹಿಂದೆ ಸರಿಯಿತು. ಕೆಲವರ ತಲೆಯಲ್ಲಿ ಮಾತ್ರ ಅದು ಜಾರಿಯಲ್ಲಿದೆ, ಬೆಕ್ಕಿನ ಲೆಕ್ಕವೂ ಸೇರಿ.

ಇನ್ನು ಬ್ರೋಕರ್. ಮಂಡ್ಯ ಕಡೆಯವರು, ಐವತ್ತು ದಾಟಿದ ವಯಸ್ಸು. ಜೆರಾಕ್ಸ್, ಟೈಪಿಂಗ್, ಬಾಡಿಗೆ ಅಗ್ರಿಮೆಂಟ್, ರೀಚಾರ್ಜ್, ಎಲ್ಲ ಒಂದೇ ಸಣ್ಣ ಅಂಗಡಿಯಲ್ಲಿ. ಟು-ಲೆಟ್ ಬೋರ್ಡನ್ನೂ ಮಾರುತ್ತಾರೆ. ಅದರಲ್ಲಿ ಅವರಿಗೆ ಲಾಭ ಅಷ್ಟಕ್ಕಷ್ಟೇ, ಆದರೆ ಯಾರು ಬೋರ್ಡ್ ಕೊಳ್ಳಲು ಬಂದರೂ ಯಾವ ಮನೆ ಖಾಲಿಯಾಗುತ್ತಿದೆ ಅಂತ ಮೊದಲು ಗೊತ್ತಾಗುವುದು ಅವರಿಗೆ. ಆ್ಯಪ್‌ಗೆ ಅದು ಬರುವಷ್ಟರಲ್ಲಿ ಇವರು ಇಬ್ಬರಿಗೆ ತೋರಿಸಿ ಆಗಿರುತ್ತದೆ.

ನಾನು ಮನೆ ಬೇಕು ಅಂದೆ, ನಾಯಿ ಇದೆ ಅಂದೆ. ಅವರು ಮನೆಯ ಬಗ್ಗೆ ಏನೂ ಕೇಳಲಿಲ್ಲ. "ಮೊದ್ಲು ನಾಯಿ ವಿಚಾರ ಹೇಳಿ ಮೇಡಂ. ಕಚ್ತದಾ? ಬೊಗಳ್ತದಾ? ಬೊಗಳೋದಾದ್ರೆ ಯಾವೊತ್ತಲ್ಲಿ ಬೊಗಳ್ತದೆ? ಹಗಲೊತ್ತು ಮನೇಲಿ ಯಾರಿರ್ತಾರೆ?" ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ, ರೇಬಿಸ್ ಇಂಜೆಕ್ಷನ್ ಬುಕ್ ಇದೆಯಾ ಅಂತಲೂ ಕೇಳಿದರು. ಹಗಲು ಅತ್ತೆ ಮನೆಯಲ್ಲೇ ಇರುತ್ತಾರೆ ಅಂದಾಗ ಅವರ ಮುಖವೇ ಬದಲಾಯಿತು. "ಅಜ್ಜಿ ಇದಾರಾ? ಇನ್ನೇನು, ಅರ್ಧ ಕೆಲ್ಸ ಆಯ್ತು!"

ಇದರ ಅರ್ಥ ನನಗೆ ಆಮೇಲೆ ಆಯಿತು. ಓನರ್‌ಗಳ ದೊಡ್ಡ ದೂರು ನಾಯಿ ಕಚ್ಚುವುದಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ನಾಯಿ ಒಂಟಿಯಾಗಿ ಸಂಜೆವರೆಗೆ ಊಳಿಡುತ್ತದೆ, ಪಕ್ಕದ ಮನೆಯವರು ಓನರ್‌ಗೆ ಫೋನ್ ಮಾಡುತ್ತಾರೆ. ಆ ಫೋನ್ ಬೇಡ ಅಂತಲೇ ಅವರು ನಾಯಿ ಬೇಡ ಅನ್ನುವುದು. ಹಾಗಾಗಿ ಹಿರಿಯರು ಮನೆಯಲ್ಲಿರುವ ಕುಟುಂಬ ಅಂದರೆ ಬ್ರೋಕರ್‌ಗೆ ಒಳ್ಳೆಯ ಮಾಲು. ನಾವು ಆ್ಯಪ್‌ನಲ್ಲಿ ಐದು ಜನ ಅಂತ ಬರೆದದ್ದು ಮೈನಸ್ ಆಗುತ್ತಿತ್ತು, ಇವರ ಬಾಯಲ್ಲಿ ಅದೇ ಪ್ಲಸ್ ಆಯಿತು.

ಆಮೇಲೆ ಕೆಂಚನ ವಿಡಿಯೋ ಕೇಳಿದರು. ಮಗಳು ಒಂದು ತೆಗೆದು ಕಳಿಸಿದಳು. "ಹಲ್ಲು ಕಾಣ್ಸ್ತದೆ ಮೇಡಂ, ಬೇರೆ ತೆಗೀರಿ" ಅಂತ ವಾಪಸ್ ಕಳಿಸಿದರು. ಮಗ ಹೋಂವರ್ಕ್ ಮಾಡುತ್ತಿದ್ದಾಗ ಕೆಂಚ ಅವನ ಕಾಲ ಹತ್ತಿರ ಮಲಗಿದ್ದ ಇನ್ನೊಂದು ವಿಡಿಯೋ ಪಾಸಾಯಿತು. ಹೆಣ್ಣು ನೋಡಲು ಬರುವ ಮುಂಚೆ ನನ್ನ ಫೋಟೋ ಕಳಿಸುವಾಗಲೂ ನಮ್ಮ ಮನೆಯಲ್ಲಿ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಓನರ್‌ಗೆ ಮೊದಲು ಹೋಗುವುದು ಈ ವಿಡಿಯೋ, ಇಂಜೆಕ್ಷನ್ ಬುಕ್ಕಿನ ಫೋಟೋ. ಅದಕ್ಕೆ ಅವರು ಸರಿ ಅಂದರೆ ಮಾತ್ರ ನಮಗೆ ಮನೆ ತೋರಿಸುತ್ತಾರೆ. ಮನೆ ನೋಡಿ, ಇಷ್ಟಪಟ್ಟು, ಪರದೆ ಯಾವ ಬಣ್ಣ ಅಂತ ಮಗಳು ಯೋಚಿಸಿ ಆದ ಮೇಲೆ "ನಾಯಿನಾ? ಸಾರಿ" ಅನ್ನಿಸಿಕೊಳ್ಳುವ ಕಷ್ಟ ಇಲ್ಲಿಲ್ಲ. ಐದಕ್ಕೆ ನಾಲ್ಕರಲ್ಲಿ ಎರಡು ಇದೊಂದಕ್ಕೇ.

ಅವರ ಹತ್ತಿರ ಒಂದು ಉದ್ದದ ಲೆಕ್ಕದ ಪುಸ್ತಕ ಇದೆ. ಯಾವ ಓನರ್ ನಾಯಿಗೆ ಒಪ್ಪುತ್ತಾರೆ, ಯಾರು ಒಪ್ಪುವುದಿಲ್ಲ, ಯಾಕೆ ಒಪ್ಪುವುದಿಲ್ಲ ಅಂತ ಅದರಲ್ಲಿ ಬರೆದಿದೆ. ಆ "ಯಾಕೆ" ಅನ್ನುವುದೇ ಮುಖ್ಯ ಅಂತ ಅವರ ವಾದ. ಹೆದರಿಕೆ ಅಂತ ಬೇಡ ಅನ್ನುವವರಿಗೆ ನಾಯಿಯನ್ನೇ ಕರೆದುಕೊಂಡು ಹೋಗಿ ತೋರಿಸಬೇಕಂತೆ. ಹಿಂದಿನ ಬಾಡಿಗೆಯವರ ನಾಯಿ ತೇಗದ ಬಾಗಿಲು ಕೆರೆದು ಹಾಕಿತು ಅಂತ ಬೇಡ ಅನ್ನುವವರಿಗೆ ಅಡ್ವಾನ್ಸ್ ಸ್ವಲ್ಪ ಜಾಸ್ತಿ ಅಂದರೆ ಸಾಕು. ಅಕ್ಕಪಕ್ಕದವರ ಕಾಟ ಅಂತ ಬೇಡ ಅನ್ನುವವರಿದ್ದರೆ ಓನರ್‌ನ ಬಿಟ್ಟು ಪಕ್ಕದ ಮನೆಯವರನ್ನು ಮೊದಲು ಮಾತಾಡಿಸಬೇಕು. ಮಡಿ ಅಂತ ಬೇಡ ಅನ್ನುವವರ ಹತ್ತಿರ ಮಾತ್ರ ಹೋಗಲೇಬಾರದು. "ಅವ್ರನ್ನ ಒಪ್ಸೋಕೆ ಹೋಗೋದೂ ತಪ್ಪು ಮೇಡಂ, ಅವ್ರ ಮನೆ ಅವ್ರಿಷ್ಟ." ಈ ಮಾತು ನನಗೆ ಹಿಡಿಸಿತು. ನಾಯಿ ಸಾಕುವ ನಾವು ಕೆಲವೊಮ್ಮೆ ಎಲ್ಲರಿಗೂ ಪಾಠ ಹೇಳಲು ಹೋಗುತ್ತೇವೆ, ಅಲ್ವಾ?

ಕಾನೂನು ಎಲ್ಲಿ ನಮ್ಮ ಜೊತೆ ಇದೆ, ಎಲ್ಲಿ ಇಲ್ಲ ಅಂತ ಸರಿಯಾಗಿ ಹೇಳಿದ್ದೂ ಇವರೇ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿದೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಾಕುಪ್ರಾಣಿ ಬೇಡ ಅಂತ ನಿಷೇಧ ಹಾಕುವಂತಿಲ್ಲ, ಮೀಟಿಂಗ್‌ನಲ್ಲಿ ಬಹುಮತ ಇದ್ದರೂ ಆಗುವುದಿಲ್ಲ. ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ, ಅದಕ್ಕೆ ಅಂತ ಬೇರೆ ದುಡ್ಡು ಕೇಳುವಂತಿಲ್ಲ. ಬೊಗಳುತ್ತದೆ ಅನ್ನುವುದು ನಿಷೇಧಕ್ಕೆ ಕಾರಣ ಆಗುವುದಿಲ್ಲ. ಪಾರ್ಕಿಗೆ ಯಾವ ಹೊತ್ತಿನಲ್ಲಿ ಬರಬೇಕು ಅಂತ ಟೈಮ್ ಹಾಕಬಹುದು ಅಷ್ಟೆ. ಇಂಥ ನಿಷೇಧ ನಡೆಯುವುದಿಲ್ಲ ಅಂತ 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಹೇಳಿದೆ. ಇದೆಲ್ಲ ಓದಿಕೊಂಡು ನಾನು ಧೈರ್ಯದಲ್ಲಿದ್ದೆ. ಬ್ರೋಕರ್ ನಕ್ಕು ಒಂದೇ ಮಾತು ಹೇಳಿದರು. "ಕಾನೂನು ಗೇಟ್ ತನಕ ಬತ್ತದೆ ಮೇಡಂ. ಬಾಗ್ಲತ್ರ ಓನರ್ದೇ."

ಸರಿಯಾದ ಮಾತು. ಅಸೋಸಿಯೇಷನ್‌ಗೆ ಬೇಡ ಅನ್ನುವ ಹಕ್ಕಿಲ್ಲ. ಆದರೆ ನಾಯಿ ಇರುವವರಿಗೆ ಮನೆ ಕೊಡಲೇಬೇಕು ಅಂತ ಓನರ್ ಮೇಲೆ ಯಾವ ಒತ್ತಾಯವೂ ಇಲ್ಲ. ಸ್ವಂತ ಫ್ಲಾಟಿನವರಿಗೆ ಆ ಮಾರ್ಗಸೂಚಿ ಪೂರ್ತಿ ಬಲ ಕೊಡುತ್ತದೆ. ಬಾಡಿಗೆಯವರಿಗೆ ಓನರ್ ಹೂಂ ಅಂದ ಮೇಲಷ್ಟೇ ಅದರ ಉಪಯೋಗ. ಆ್ಯಪ್‌ನ ಟಿಕ್ ಕೆಲಸಕ್ಕೆ ಬಾರದ್ದು ಇಲ್ಲೇ. ಒಪ್ಪಿಗೆ ಬೇಕಾಗಿರುವುದು ಮೂರು ಕಡೆ: ಓನರ್, ಅಸೋಸಿಯೇಷನ್, ಎದುರು ಮನೆ. ಮೂವರನ್ನೂ ಮುಖತಃ ಬಲ್ಲ ಒಬ್ಬ ಮನುಷ್ಯ ಬೇಕು.

ಬ್ರೋಕರ್ ಮೊದಲು ತೋರಿಸಿದ್ದು ಬಿಇಎಂಎಲ್ ಲೇಔಟಿನ ಐದನೇ ಹಂತದಲ್ಲಿ ಒಂದು ಇಂಡಿಪೆಂಡೆಂಟ್ ಮನೆ. ಕೆಳಗೆ ಓನರ್, ಮೇಲೆ ನಾವು. ಮನೆ ಚೆನ್ನಾಗಿತ್ತು, ಗಾಳಿ ಬೆಳಕು, ಅಂಗಳದಲ್ಲಿ ತೆಂಗಿನ ಮರ. ಓನರ್ ನಾಯಿಗೆ ಒಪ್ಪಿದ್ದರು. ಷರತ್ತುಗಳು ಒಂದೊಂದಾಗಿ ಹೊರಗೆ ಬಂದವು. ತುಳಸಿ ಕಟ್ಟೆಯ ಮುಂದೆ ನಾಯಿ ಹಾಯಬಾರದು. ಸೈಡ್ ಗೇಟಿನಿಂದ ಕರೆದುಕೊಂಡು ಹೋಗಬೇಕು. ಟೆರೇಸಿಗೆ ಬಿಡಬಾರದು, ಸೋಲಾರ್ ಇದೆ. ಗಂಡ ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ಅತ್ತೆ ನನ್ನ ಕಿವಿಯಲ್ಲಿ, "ಎಂತ ಮಾರಾಯ್ತಿ, ಇವತ್ತು ನಾಯಿಗೆ ಸೈಡ್ ಗೇಟು, ನಾಳೆ ನಮಗೂ ಸೈಡ್ ಗೇಟು" ಅಂದರು. ಅಲ್ಲಿಗೆ ಆ ಮನೆ ಮುಗಿಯಿತು. ಓನರ್ ಅದೇ ಕಟ್ಟಡದಲ್ಲಿದ್ದರೆ ಅಸೋಸಿಯೇಷನ್ ಇಲ್ಲ, ಮಾರ್ಗಸೂಚಿ ಇಲ್ಲ, ಏನೂ ಇಲ್ಲ. ಅವರ ಮೂಡೇ ಕಾನೂನು. ನಾಯಿ ಇರುವವರಿಗೆ ಇಂಡಿಪೆಂಡೆಂಟ್ ಮನೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಓನರ್ ಬೇರೆ ಕಡೆ ಇದ್ದರೆ ಮಾತ್ರ ಅದು ನಿಜ.

ಮಧ್ಯದಲ್ಲಿ ಬ್ರೋಕರ್ ಭೋಗ್ಯದ ಮನೆಯೊಂದಕ್ಕೆ ಬಹಳ ಒತ್ತಾಯ ಮಾಡಿದರು. 25 ಲಕ್ಷ ಒಟ್ಟಿಗೆ ಕೊಟ್ಟುಬಿಡಿ, ಮನೆ ಬಿಡುವಾಗ ವಾಪಸ್, ಬಾಡಿಗೆ ಇಲ್ಲ, ನಾಯಿ ಅಲ್ಲ, ಕುದುರೆ ಕಟ್ಟಿದರೂ ಓನರ್ ಕೇಳುವುದಿಲ್ಲ ಅಂತ. ಬ್ರೋಕರ್‌ಗಳಿಗೆ ಭೋಗ್ಯದಲ್ಲಿ ಕಮಿಷನ್ ಚೆನ್ನಾಗಿ ಬರುತ್ತದೆ, ಅದಕ್ಕೇ ಈ ಉತ್ಸಾಹ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದೆ ಹೋದರೆ, ಬ್ಯಾಂಕು ಮನೆ ಹಿಡಿದುಕೊಳ್ಳುತ್ತದೆ. ನಮ್ಮ ದುಡ್ಡಿಗೆ ನಾವು ಅಲೆಯಬೇಕು. ನನ್ನ ಗಂಡ ಬ್ಯಾಂಕಿನಲ್ಲೇ ಇರುವವರು, ಅಂಥ ಫೈಲುಗಳನ್ನು ನೋಡಿದ್ದಾರೆ. ಬೇಡವೇ ಬೇಡ ಅಂದರು. ಬ್ರೋಕರ್ ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೆ ಒಪ್ಪಿದ್ದು ಉತ್ತರಹಳ್ಳಿ ರಸ್ತೆ ಕಡೆ ನಾಲ್ಕು ಮಹಡಿಯ ಒಂದು ಸಣ್ಣ ಅಪಾರ್ಟ್‌ಮೆಂಟು. ಎರಡನೇ ಮಹಡಿ, ಲಿಫ್ಟ್ ಇದೆ, ಒಂದು ಕವರ್ಡ್ ಪಾರ್ಕಿಂಗ್. 14.5 ಚದರ ಅಂದರು, ಒಂದು ಚದರ ಅಂದರೆ ನೂರು ಚದರ ಅಡಿ. ಮೆಟ್ಟಿಲು, ಲಿಫ್ಟಿನ ಜಾಗವನ್ನೆಲ್ಲ ಸೇರಿಸಿದ ಸೂಪರ್ ಬಿಲ್ಟ್-ಅಪ್ ಲೆಕ್ಕ ಅದು, ಒಳಗೆ ಕಾಲಿಟ್ಟು ಅಳೆದರೆ 10.5 ಚದರವೂ ಕಷ್ಟ. ಆದರೂ ಮೂರು ರೂಮೂ ನಿಜವಾದ ರೂಮೇ. ಬಾಡಿಗೆ 38 ಸಾವಿರ, ಮೇಂಟೆನೆನ್ಸ್ 4 ಸಾವಿರ ಬೇರೆ. ಅಡ್ವಾನ್ಸ್ 2.5 ಲಕ್ಷ ಕೇಳಿದ್ದರು, 2 ಲಕ್ಷಕ್ಕೆ ಇಳಿಯಿತು. ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಸಾಕು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದೆ. ಬೆಂಗಳೂರಿನ ಓನರ್ ಮುಂದೆ ಹಾಗಂದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಹಿಂದೆ ಹತ್ತು ತಿಂಗಳದ್ದು ಕೇಳುತ್ತಿದ್ದ ಊರು ಇದು. ಐದಾರಕ್ಕೆ ಬಂದಿರುವುದೇ ದೊಡ್ಡದು.

ಓನರ್ ಒಪ್ಪಿ ಆಗಿತ್ತು. ಅಸೋಸಿಯೇಷನ್ ಸೆಕ್ರೆಟರಿ ಮಾತ್ರ ನಾಯಿಯನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋಗಬಾರದು ಅಂದರು. ನಮ್ಮ ಬ್ರೋಕರ್ ಹತ್ತಿರ 2015ರ ಮಾರ್ಗಸೂಚಿಯ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ರೆಡಿ ಇರುತ್ತದೆ. ನಾನು ಅದನ್ನು ತೆಗೆಯಿರಿ ಅಂತ ಕಣ್ಣಲ್ಲೇ ಹೇಳುತ್ತಿದ್ದೆ. ಅವರು ತೆಗೆಯಲೇ ಇಲ್ಲ. "ಸಾರ್, ಲಿಫ್ಟಲ್ಲಿ ಬೇರೆಯವ್ರಿದ್ರೆ ಇವ್ರು ಹತ್ತಲ್ಲ, ಮುಂದಿನ ಟ್ರಿಪ್ಪಲ್ಲಿ ಬರ್ತಾರೆ. ಅಜ್ಜಿಗೆ ಮಂಡಿನೋವು, ನಾಯಿ ಹಿಡ್ಕಂಡು ಮೆಟ್ಲು ಇಳಿಯೋಕಾಗಲ್ಲ" ಅಂದರು. ನಿಜ ಹೇಳಬೇಕಂದರೆ ಅತ್ತೆ ಕೆಂಚನನ್ನು ವಾಕಿಂಗ್ ಕರೆದುಕೊಂಡು ಹೋಗುವುದೇ ಇಲ್ಲ, ಅದು ನನ್ನ ಕೆಲಸ. ಸೆಕ್ರೆಟರಿಗೆ ಅದು ಗೊತ್ತಿರಲಿಲ್ಲ, ಒಪ್ಪಿಕೊಂಡರು. ಬ್ರೋಕರ್ ಅಲ್ಲೇ ಸೆಕ್ರೆಟರಿಯಿಂದ ಒಪ್ಪಿಗೆಯ ಒಂದು ವಾಟ್ಸಾಪ್ ಮೆಸೇಜ್ ಹಾಕಿಸಿಕೊಂಡರು. ಹೊರಗೆ ಬಂದ ಮೇಲೆ ಆ ಕಾಗದ ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. "ಕಾಗ್ದ ತೋರ್ಸಿದ್ರೆ ಗೆಲ್ತೀವಿ ಮೇಡಂ. ಆಮೇಲೆ ಅದೇ ಮನೇಲಿ ಇರ್ಬೇಕಲ್ಲ."

ಅಗ್ರಿಮೆಂಟ್ ಅವರ ಅಂಗಡಿಯಲ್ಲೇ ಆಯಿತು. ಎಂದಿನ 11 ತಿಂಗಳು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೆ ಎಲ್ಲರೂ 11 ಅನ್ನುತ್ತಾರೆ. ಒಂದು ನಾಯಿ, ಒಂದು ಬೆಕ್ಕು ಸಾಕಲು ಮಾಲೀಕರ ಒಪ್ಪಿಗೆ ಇದೆ ಅಂತ ಅದರಲ್ಲಿ ಒಂದು ಸಾಲು ಟೈಪ್ ಮಾಡಿಸಿ ಅಂತ ನಾವು ಕೇಳುವ ಮೊದಲೇ ಅವರು ಮಾಡಿದ್ದರು. ಬಾಯಿಮಾತಿನ ಒಪ್ಪಿಗೆಯನ್ನು ನಂಬಬೇಡಿ. ಓನರ್ ಒಪ್ಪಿದರೂ ವಿದೇಶದಿಂದ ಮಗ ಬಂದಾಗ ಮನಸ್ಸು ಬದಲಾಗುವುದುಂಟು. ಇನ್ನೊಂದು ಸಾಲು ಪೇಂಟಿಂಗ್ ಬಗ್ಗೆ. ಇಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಅಂತ ಹಿಡಿದುಕೊಳ್ಳುವುದು ವಾಡಿಕೆ. ನಾಯಿ ಇದ್ದರೆ ಎರಡು ತಿಂಗಳದ್ದು ಕೇಳುತ್ತಾರೆ. ಇವರು ಒಂದು ತಿಂಗಳದ್ದೇ ಇಟ್ಟು, ಬಾಗಿಲು, ಸೊಳ್ಳೆ ಮೆಶ್ ಹಾಳಾದರೆ ರಿಪೇರಿ ಬಿಲ್ ಎಷ್ಟೋ ಅಷ್ಟು ಅಂತ ಬರೆಸಿದರು. ಮನೆಗೆ ಬರುವ ದಿನವೇ ಬಾಗಿಲು, ಗೋಡೆ, ವಾರ್ಡ್‌ರೋಬಿನ ಫೋಟೋ ತೆಗೆದು ಓನರ್‌ಗೆ ಕಳಿಸಿ ಅಂತಲೂ ಹೇಳಿದರು. ಹಿಂದಿನವರ ಮಗು ಗೋಡೆಯ ಮೇಲೆ ಬರೆದದ್ದು ಕೆಂಚನ ಲೆಕ್ಕಕ್ಕೆ ಬರುವುದು ಬೇಡ.

ಮನೆ ಹೇಗಿದೆ? ನಾಯಿಗಿಂತ ಬೆಕ್ಕಿಗೆ ಜಾಸ್ತಿ ಕಷ್ಟ ಆಯಿತು. ನಾಯಿಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಬೆಕ್ಕು ಅಂದರೆ "ಓ, ಅದಾ" ಅಂತ ಬಿಡುತ್ತಾರೆ. ಬಾಲ್ಕನಿಗೆ ಪಾರಿವಾಳದ ನೈಲಾನ್ ನೆಟ್ ಇತ್ತು. ಸಿಂಗಾರಿ ವಾರದೊಳಗೆ ಒಂದು ಮೂಲೆ ಕಚ್ಚಿ ತೂತು ಮಾಡಿದಳು. ಎರಡನೇ ಮಹಡಿಯಿಂದ ಬಿದ್ದರೆ ಬೆಕ್ಕಿಗೂ ಪೆಟ್ಟಾಗುತ್ತದೆ, ಕಾಲ ಮೇಲೇ ನಿಲ್ಲುತ್ತದೆ ಅನ್ನುವುದನ್ನು ನಂಬಿ ಕೂರಬೇಡಿ. ಕೆಂಗೇರಿಯ ಹಾರ್ಡ್‌ವೇರ್ ಅಂಗಡಿಯಿಂದ ಕೋಳಿ ಮೆಶ್ ತಂದು ಒಳಗಿನಿಂದ ಕಟ್ಟಿಸಿದೆವು. ನೋಡಲು ಚೆನ್ನಾಗಿಲ್ಲ, ಗಟ್ಟಿಯಾಗಿದೆ. ಇನ್ವಿಸಿಬಲ್ ಗ್ರಿಲ್ ಹಾಕಿಸಿ ಅಂತ ಎದುರು ಮನೆಯವರು ಹೇಳಿದರು. ತಂತಿಗಳ ಮಧ್ಯೆ ಬಿಡುವ ಜಾಗದಲ್ಲಿ ಮರಿ ಬೆಕ್ಕು ಸಲೀಸಾಗಿ ನುಸುಳುತ್ತದೆ, ದುಡ್ಡೂ ಜಾಸ್ತಿ.

ನೆಲ ಪೂರ್ತಿ ವಿಟ್ರಿಫೈಡ್ ಟೈಲ್ಸ್. ಹೊಳೆಯುತ್ತದೆ, ಆದರೆ ಏಳು ವರ್ಷದ ನಾಯಿಗೆ ಕಾಲು ಜಾರುತ್ತದೆ. ಓಡಿಬಂದು ಬ್ರೇಕ್ ಹಾಕಿದರೆ ಸೋಫಾದ ಕೆಳಗೆ ಹೋಗಿ ನಿಲ್ಲುತ್ತಾನೆ. ವಯಸ್ಸಾದ ನಾಯಿಯ ಸೊಂಟಕ್ಕೆ ಇದು ಒಳ್ಳೆಯದಲ್ಲ. ಹಾಲ್‌ನಿಂದ ಬಟ್ಟೆ ಒಗೆಯುವ ಯುಟಿಲಿಟಿವರೆಗೆ ಹಳೆಯ ಯೋಗ ಮ್ಯಾಟ್ ಹಾಸಿದ್ದೇವೆ. ಅತ್ತೆಗೂ ಅದೇ ಅನುಕೂಲ ಆಯಿತು. ಯುಟಿಲಿಟಿ ಬಹಳ ಚಿಕ್ಕದು. ವಾಷಿಂಗ್ ಮೆಷಿನ್ ಇಟ್ಟರೆ ಕೆಂಚನಿಗೆ ಸ್ನಾನ ಮಾಡಿಸಲು ಜಾಗ ಇಲ್ಲ, ಬಾತ್‌ರೂಮಿನಲ್ಲೇ ಮಾಡಿಸಬೇಕು. ವಾಕಿಂಗ್‌ಗೆ ಹಿಂದುಗಡೆ ಖಾಲಿ ಸೈಟುಗಳ ಸಾಲು ಇದೆ. ಅಲ್ಲಿಯ ಬೀದಿ ನಾಯಿಗಳು ಮೊದಮೊದಲು ಕೆಂಚನನ್ನು ಸೇರಿಸಲಿಲ್ಲ. ಕವರ್ ತೆಗೆದುಕೊಂಡು ಹೋಗಿ ಕಕ್ಕ ಎತ್ತುತ್ತೇನೆ, ಪೇಪರಿನಲ್ಲಿ ಸುತ್ತಿ ಕೆಂಪು ಡಬ್ಬಿಗೆ ಹಾಕುತ್ತೇನೆ. ಇದನ್ನು ನೋಡಿಯೇ ಕೆಳಗಿನ ಮನೆಯ ಆಂಟಿ ಮಾತಾಡಿಸಲು ಶುರು ಮಾಡಿದ್ದು.

ಈಗ ಕತ್ತರಿಸಿದ ಆ ಒಂದು ಮಾರ್ಕು. ಮೊದಲನೇ ದೂರು ನೀರಿನದು. ಕಾವೇರಿ ಕನೆಕ್ಷನ್ ಇದೆ ಅಂತ ಬ್ರೋಕರ್ ಹೇಳಿದ್ದರು. ಇರುವುದು ಅರ್ಜಿ ಮಾತ್ರ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು ನಿಜ, ಆದರೆ ಲೈನ್ ಬೀದಿಗೆ ಬಂದರೂ ಕಟ್ಟಡದ ನೀರಿನ ಸಂಪ್‌ಗೆ ಬರಲು ಅಸೋಸಿಯೇಷನ್ ದುಡ್ಡು ಕಟ್ಟಬೇಕಲ್ಲ. ಅಲ್ಲಿಯವರೆಗೆ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಟ್ಯಾಂಕರ್ ಖರ್ಚು ಮೇಂಟೆನೆನ್ಸ್ ಮೇಲೆ ಬೇರೆ ಬರುತ್ತದೆ. ಐದು ಜನ, ಒಂದು ನಾಯಿ ಇರುವ ಮನೆಗೆ ಇದು ಸಣ್ಣ ವಿಷಯವಲ್ಲ. ಕೇಳಿದರೆ "ಬತ್ತದೆ ಮೇಡಂ, ಬತ್ತದೆ" ಅನ್ನುತ್ತಾರೆ. ನಾಯಿಯ ವಿಚಾರದಲ್ಲಿ ಅಷ್ಟು ನಿಖರವಾಗಿದ್ದ ಮನುಷ್ಯ ನೀರಿನ ವಿಚಾರದಲ್ಲಿ ಎಲ್ಲ ಬ್ರೋಕರ್‌ಗಳ ಹಾಗೇ. ನೀವು ಮನೆ ನೋಡಲು ಹೋದಾಗ ವಾಚ್‌ಮನ್‌ನ ಹೆಂಡತಿಯನ್ನು ಕೇಳಿ, ಸರಿಯಾದ ಉತ್ತರ ಸಿಗುತ್ತದೆ.

ಸಮಯದ ವಿಚಾರದಲ್ಲಿ ಐದು ನಿಮಿಷ ಅಂದರೆ ಮುಕ್ಕಾಲು ಗಂಟೆ. ಬಜೆಟ್ 40 ಅಂದರೆ ಮೊದಲು 48ರದ್ದನ್ನೇ ತೋರಿಸುತ್ತಾರೆ. ಅಮಾವಾಸ್ಯೆಯ ದಿನ ಟೋಕನ್ ದುಡ್ಡು ಮುಟ್ಟುವುದಿಲ್ಲ, ಅದು ಅವರ ನಂಬಿಕೆ, ಬಿಡಿ. ರಶೀದಿ ಕೊಡದಿರುವುದು ಮಾತ್ರ ನನಗೆ ಸರಿ ಬರಲಿಲ್ಲ. ಕಮಿಷನ್ ಒಂದು ತಿಂಗಳ ಬಾಡಿಗೆ, ಅಂದರೆ 38 ಸಾವಿರ. ನಾವು 30ಕ್ಕೆ ಒಪ್ಪಿಸಿದೆವು, ಓನರ್ ಕಡೆಯಿಂದಲೂ ತೆಗೆದುಕೊಳ್ಳುತ್ತೀರಲ್ಲ ಅಂತ. ಅಷ್ಟು ದುಡ್ಡಿಗೆ ಒಂದು ಚೀಟಿ ಬೇಡವೇ? ಮನೆ ಮಾರಾಟದ ಏಜೆಂಟರ ಮೇಲೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಇದೆ. ಬಾಡಿಗೆ ಬ್ರೋಕರ್ ಕೈಕೊಟ್ಟರೆ ಅಲ್ಲಿ ದೂರು ಕೊಡಲು ಬರುವುದಿಲ್ಲ. ಹಾಗಾಗಿ ನಾವು ನಗದು ಕೊಡಲಿಲ್ಲ. ಯುಪಿಐನಲ್ಲಿ ಕಳಿಸಿ, ಬ್ರೋಕರೇಜ್ ಅಂತ ಅದರಲ್ಲೇ ಬರೆದೆವು. ಅರ್ಧ ಅಗ್ರಿಮೆಂಟ್‌ಗೆ ಸಹಿ ಹಾಕಿದಾಗ, ಇನ್ನರ್ಧ ಕೀ ಕೈಗೆ ಬಂದ ಮೇಲೆ. ಅವರು ಸ್ವಲ್ಪ ಮುಖ ಸಿಂಡರಿಸಿದರು, ಒಪ್ಪಿದರು.

ನಿಮ್ಮ ಏರಿಯಾದಲ್ಲಿ ಇಂಥವರನ್ನು ಹುಡುಕುವಾಗ ಒಂದು ಪರೀಕ್ಷೆ ಮಾಡಿ. ನಾಯಿ ಇದೆ ಅಂತ ಮೊದಲೇ ಹೇಳಿ. "ಪರವಾಗಿಲ್ಲ ಬನ್ನಿ, ಓನರ್‌ಗೆ ಆಮೇಲೆ ಹೇಳೋಣ" ಅನ್ನುವವರ ಹತ್ತಿರ ನಿಲ್ಲಬೇಡಿ. ಅವರು ನಿಮ್ಮನ್ನು ಮನೆ ಸೇರಿಸಿ ಕಮಿಷನ್ ತೆಗೆದುಕೊಂಡು ಹೋಗುತ್ತಾರೆ, ಓನರ್ ಬಂದು ನಾಯಿ ನೋಡಿದ ದಿನ ಫೋನ್ ಎತ್ತುವುದಿಲ್ಲ. ನಾಯಿಯ ಬಗ್ಗೆ ತಿರುಗಿ ಪ್ರಶ್ನೆ ಕೇಳುವವರು ಸಿಕ್ಕರೆ ಕೂತು ಮಾತಾಡಿ. ಇಂಜೆಕ್ಷನ್ ಬುಕ್ ಜೊತೆಗೆ ಒಯ್ಯಿರಿ. ಪಾಲಿಕೆಯ ನಾಯಿ ಲೈಸೆನ್ಸ್ ಮಾಡಿಸಿದ್ದರೆ ಅದನ್ನೂ ಒಯ್ಯಿರಿ, ಅಸೋಸಿಯೇಷನ್‌ನವರು ಕೇಳುತ್ತಾರೆ. 11 ತಿಂಗಳು ಮುಗಿದ ಮೇಲೆ ಅಗ್ರಿಮೆಂಟ್ ರಿನ್ಯೂವಲ್‌ಗೆ ಅಂತ ಬ್ರೋಕರ್ ಮತ್ತೆ 3 ಸಾವಿರ ಕೇಳುತ್ತಾರೆ. ಅದನ್ನು ಕೊಡಬೇಡಿ. ಹಳೆಯದರ ಕಾಪಿ ಇಟ್ಟುಕೊಂಡು, ತಾರೀಖು, ಬಾಡಿಗೆ ಬದಲಾಯಿಸಿ, ನಾಯಿ ಬೆಕ್ಕಿನ ಸಾಲು ಹಾಗೇ ಇದೆಯಾ ಅಂತ ನೋಡಿಕೊಂಡು ಬೇರೆ ಅಂಗಡಿಯಲ್ಲಿ ಮಾಡಿಸಿದರೆ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯುತ್ತದೆ.